ಮೆತ್ತಗಾದ ಖಡಕ್ ರೊಟ್ಟಿ

ಅಕ್ಕಾ, ಶರಣು.

ಬ್ರಹ್ಮಪುತ್ರೆಯ ಬಯಲು ದಾಟಿ ನಮ್ಮ ಪ್ರವಾಸದ ತಂಡ ಚಿರಾಪುಂಜಿಯ ಬೆಟ್ಟ ಹತ್ತಿದೆ. ಇಲ್ಲಿ ಮಂಜು ಯಾರನ್ನೂ ಕೇಳದೆ ಕೋಣೆಯೊಳಗೇ ಬಂದು ಕೂರುತ್ತದೆ. ನಿನ್ನ ಮಗಳು ಭಾಗ್ಯಜ್ಯೋತಿಗೆ ನೋಡಿರುವ ವರನ ತಂದೆ, ಮೋರಟಗಿಯ ರಾಚಪ್ಪನವರು, ನನ್ನ ಕೋಣೆಯಲ್ಲೇ ಇದ್ದಾರೆ. 'ಮನುಷ್ಯ ಹೇಗೆ, ನೋಡಿಕೊಂಡು ಬಾ' ಎಂದು ಕಳಿಸಿದ್ದೆಯಲ್ಲ, ನೋಡುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ನೀನು ಕಟ್ಟಿಕೊಟ್ಟ ರೊಟ್ಟಿಯ ಗಂಟು ಬಿಚ್ಚಿದೆ. ಮುರಿದರೆ ಪಟ್ಟನೆ ಸದ್ದು ಮಾಡುವ ಖಡಕ್ ರೊಟ್ಟಿ ಒದ್ದೆ ಟವೆಲಿನಂತೆ ಬಾಗಿತು. ನಮ್ಮೂರು ಅಗರಖೇಡದಲ್ಲಿ ತಿಂಗಳಿಟ್ಟರೂ ಬಾಗದ ರೊಟ್ಟಿ ಇಲ್ಲಿ ವಾರ ತುಂಬುವ ಮೊದಲೇ ಬಾಗುವುದೆಂದರೇನು? ಬೀಗರಾಗುವವರೇ ತಾವು ತಂದ ಗಂಟಿನ ರೊಟ್ಟಿಯೊಂದಿಗೆ ಅದಲುಬದಲು ಮಾಡಿದ್ದಾರೆಂದು ತೀರ್ಮಾನಿಸಿ, ಈ ಸಂಬಂಧ ಬೇಡವೆಂದು ಬರೆಯಲು ಇದೇ ಕಾರ್ಡು ತೆಗೆದೆ.

ಅಷ್ಟರಲ್ಲಿ ಅವರೇ ಎದುರು ಬಂದು ನಿಂತರು.

"ಸಂಗಮೇಶಣ್ಣಾರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಖಡಕ್ ರೊಟ್ಟಿ ತಗೊಂಡು ನಿಮ್ಮ ಮೆತ್ತನ್ನವು ಇಟ್ಟೀರೇನು?"

"ನಾನೂ ಅದನ್ನ ಕೇಳಾಕ ಬರಾಂವ ಇದ್ನಿರಿ!"

ಇಬ್ಬರೂ ಒಂದೊಂದು ರೊಟ್ಟಿ ಎತ್ತಿ ಹಿಡಿದೆವು. ಎರಡೂ ಜೋತುಬಿದ್ದವು. ಕಿಟಕಿಯಿಂದ ಒಳಬರುತ್ತಿದ್ದ ಮಂಜನ್ನು ಇಬ್ಬರೂ ದುರುಗುಟ್ಟಿ ನೋಡಿದೆವು. ಆಮೇಲೆ ಹೋಟೆಲಿನ ಅಡುಗೆಯವನ ಹಂಚು ಬೇಡಿ ಎಲ್ಲವನ್ನೂ ಒಟ್ಟಿಗೇ ಕಾಯಿಸಿದೆವು, ಸದ್ದು ಮರಳಿತು.

ಬೆಟ್ಟ ಹತ್ತಿದರೂ ನನ್ನ ಮೊಣಕಾಲು ನೋವು ಪರವಾಗಿಲ್ಲ. ಸಂಬಂಧಕ್ಕೂ ಅಡ್ಡಿಯಿಲ್ಲ, ಮಾತು ಮುಂದುವರಿಸು. ಆದರೆ ಕಾಯಿಸಿ ಹಂಚಿಕೊಂಡಾಗ ಅವರ ಗಂಟಿಗೆ ಒಂದು ರೊಟ್ಟಿ ಹೆಚ್ಚಿಗೆ ಹೋದಂತಿದೆ. ನಿಗಾ ಇಟ್ಟಿದ್ದೇನೆ.

ನಿನ್ನ ತಮ್ಮ,
ಸಂಗಮೇಶ