ಒಂದು ಮುಖ, ಮೂವತ್ತೊಂದು ಮನೆ

ಗೊಂಬೆ ಬೀದಿ, ಹಿಂದಿನ ಕೋಣೆ
ತಾರೀಖು ಹದಿನೇಳು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ

ಈ ಬೀದಿಗೆ ಮುಖದ ಮೇಸ್ತ್ರಿಗಳೂ ನನಗೆ ಯಜಮಾನರೂ ಆದ ನಿಮಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ? ಬಲಗೈ ಎಷ್ಟು ಮೇಲಕ್ಕೆ ಬರುತ್ತಿದೆ? ಹೋದ ವಾರ ಫೋನಿನಲ್ಲಿ ಕೇಳಿದಾಗ ನಿಮ್ಮ ಅಕ್ಕ "ಭುಜದವರೆಗೂ ಎತ್ತುತ್ತಾನೆ ಕಣೇ" ಅಂದರು. ಯಾರ ಭುಜ ಎಂದು ನಾನು ಕೇಳಲಿಲ್ಲ. ಅತ್ತಿಗೆಯವರ ಗಿಡ್ಡ ಆಕಾರ ಬಲ್ಲವರು ಯಾರಾದರೂ ಕೇಳಬೇಕಾದ ಪ್ರಶ್ನೆಯೇ ಅದು, ಆದರೂ ಮರ್ಯಾದೆಗೆ ಅಂಜಿ ಔಷಧಿಯ ಲೆಕ್ಕ ಕೇಳಿದೆ. ರಬ್ಬರ್ ಚೆಂಡು ಹಿಸುಕುವುದನ್ನು ಮಾತ್ರ ಬಿಡಬೇಡಿ. ಬೇಜಾರಾದರೆ ಅತ್ತಿಗೆಯವರನ್ನೇ ನೆನೆದುಕೊಂಡು ಹಿಸುಕಿ, ಎರಡರಷ್ಟು ಬಲ ಬರುತ್ತದೆ. ಈ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಉಳಿದದ್ದನ್ನು ಅವರಿಗೆ ತೋರಿಸಬಹುದು. ಅಲ್ಲ, ಈ ಸಲ ಯಾವುದನ್ನೂ ತೋರಿಸಬೇಡಿ. ಫೋನಿನಲ್ಲಿ ನಿಮ್ಮ ಬದಲು ಅವರೇ "ತಲೆ ಆಡಿಸ್ತಿದಾನೆ, ಮುಂದಕ್ಕೆ ಹೇಳು" ಎನ್ನುವುದರಿಂದಲೇ ನಾನು ಇಂದು ಪೆನ್ನು ಹಿಡಿದಿರುವುದು. ನಿಮ್ಮೊಬ್ಬರಿಗೇ ಹೇಳಬೇಕಾದ ಮಾತೊಂದಿದೆ. ಎರಡು ವರ್ಷದಿಂದ ಇದೆ.

ಮೊದಲು ಬೀದಿಯ ಸುದ್ದಿ. ಮೂರು ವಾರದ ಹಿಂದೆ ದೊಡ್ಡ ಚೀಲ ನೇತುಹಾಕಿಕೊಂಡು ಒಬ್ಬಳು ಹುಡುಗಿ ಬಂದಳು. ಯಾವುದೋ ಅಧ್ಯಯನ ಸಂಸ್ಥೆಯವಳು. ಸೃಜನಶೀಲ ಆರ್ಥಿಕತೆ ಮತ್ತು ಪ್ರಾದೇಶಿಕ ಅಭಿವೃದ್ಧಿಯಲ್ಲಿ ಅದರ ಸ್ಥಾನ, ಇದು ಅವಳ ವಿಷಯ. ಅಷ್ಟುದ್ದದ ಹೆಸರು ಕೇಳಿ ಕೈಕಾಲು ಮಾವ "ಏನಮ್ಮಾ, ಹೊಸ ಕಾಯಿಲೆಯಾ? ಸೂಜಿ ಚುಚ್ಚೋಕೆ ಬಂದಿದೀಯಾ?" ಅಂತ ತೋಳು ಮುಚ್ಚಿಕೊಂಡ. ನಿಮ್ಮ ಆ ಗೆಳೆಯ ನಿಮಗೆ ಗೊತ್ತೇ ಇದೆಯಲ್ಲ, ನಲವತ್ತು ವರ್ಷ ಬಟ್ಟೆ ಅಂಗಡಿ ಗೊಂಬೆಗಳಿಗೆ ಬರೀ ಕೈಕಾಲು ಎರಕ ಹೊಯ್ದು, ಲೋಕದಲ್ಲಿ ಮುಂಡ ಅನ್ನುವುದೊಂದಿದೆ ಎಂಬುದನ್ನೇ ಮರೆತವನು. ಹುಡುಗಿ ತಾಳ್ಮೆಯವಳು. "ಕಾಯಿಲೆ ಅಲ್ಲ ಮಾವ. ಯಾರೋ ಒಬ್ಬರು ಇಲ್ಲದೇ ಇರೋದನ್ನ ಮನಸ್ಸಿನಿಂದ ಹುಟ್ಟಿಸ್ತಾರಲ್ಲ, ಅದರಿಂದ ಒಂದು ಊರು ಹೇಗೆ ಬದುಕುತ್ತೆ ಅಂತ ನೋಡೋದು" ಅಂದಳು. ಅವಳ ನಮೂನೆಯಲ್ಲಿ "ನಿಮ್ಮ ಕೆಲಸವು ಸಮಾಜಕ್ಕೆ ಏನನ್ನು ಕೊಡುತ್ತದೆ?" ಎಂದು ಒಂದು ಪ್ರಶ್ನೆ. ಮಾವ ಬೆರಳು ಮಡಚಿ ಎಣಿಸಿ, "ಎರಡು ಕೈ, ಎರಡು ಕಾಲು ಅಂತ ಬರ್ಕೋ" ಅಂದ. ಬರೆದುಕೊಂಡಳು. ಅಂದಿನಿಂದ ಇಡೀ ಬೀದಿಗೆ ಅವಳ ಮೇಲೆ ಅಕ್ಕರೆ.

ಅವಳ ಪ್ರಶ್ನೆಗಳು ನಗು ತರಿಸಿದರೂ ಅವಳ ಕೆಲಸ ನಗುವಂಥದ್ದಲ್ಲ. ಸುತ್ತಮುತ್ತಲ ಊರುಗಳ ಬಟ್ಟೆ ಅಂಗಡಿಗಳ ಗಾಜಿನ ಮುಂದೆ ನಿಂತು ಗೊಂಬೆಗಳ ಫೋಟೋ ತೆಗೆದು, ಅವು ಎಲ್ಲಿಂದ ಬಂದವು ಎಂದು ಹುಡುಕುತ್ತಾ ನಮ್ಮಲ್ಲಿಗೆ ಬಂದಿದ್ದಾಳೆ. ಆಮೇಲೆ ಒಂದು ದೊಡ್ಡ ಹಾಳೆ ಬಿಡಿಸಿದಳು. ಮೇಲೆ ಒಂದು ಮುಖ. ಅದರ ಕೆಳಗೆ ಗೆರೆ ಎಳೆದು ಕೂದಲಿನವರು, ರೆಪ್ಪೆ ಅಂಟಿಸುವವರು, ಫೈಬರ್ ಗೊಂಬೆಯನ್ನು ಉಜ್ಜಿ ನುಣುಪು ಮಾಡುವವರು, ಕೈಕಾಲಿನವರು, ಕಬ್ಬಿಣದ ಪಾದಪೀಠ ಮಾಡುವವರು, ಹುಲ್ಲು ತುಂಬಿ ಕಟ್ಟುವವರು, ಗಾಡಿಯವರು. ಕೊನೆಗೆ ಮೂಲೆಯ ಚಹಾ ಅಂಗಡಿ. ಲೆಕ್ಕ ಹಾಕಿದರೆ ಒಂದು ಮುಖದ ಕೆಳಗೆ ಮೂವತ್ತೊಂದು ಮನೆ. ಚಹಾದವನು ತಾನೂ ಸೃಜನಶೀಲನೆಂದು ಅಂದಿನಿಂದ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದಾನೆ, ಚಹಾ ಮಾತ್ರ ಮೊದಲಿನ ಹಾಗೇ ಇದೆ. ದೊಡ್ಡ ಕಾರ್ಖಾನೆಗಳಲ್ಲಿ ಈಗ ಕಣ್ಣೂ ಇಲ್ಲದ ಮೂಗೂ ಇಲ್ಲದ ಮೊಟ್ಟೆ ತಲೆಯ ಗೊಂಬೆ ಬರುತ್ತಿದೆಯಲ್ಲ, ಅದರ ಎದುರು ಈ ಬೀದಿ ಉಳಿದಿರುವುದು ಮುಖ ಒಂದರಿಂದಲೇ ಎಂದು ಅವಳು ಖಚಿತವಾಗಿ ಹೇಳುತ್ತಾಳೆ. ಅವಳ ವರದಿ ನೋಡಿ, ಫೈಬರ್ ಪುಡಿ ಎಳೆದುಕೊಳ್ಳುವ ಫ್ಯಾನು ಇರುವ ದೊಡ್ಡ ಶೆಡ್ಡನ್ನೂ ಮುಖ ಮಾಡುವುದನ್ನು ಕಲಿಸುವ ಒಂದು ಕೋಣೆಯನ್ನೂ ಕಟ್ಟಿಸಿಕೊಡಬೇಕೇ ಬೇಡವೇ ಎಂದು ಮೇಲಿನವರು ತೀರ್ಮಾನಿಸುತ್ತಾರೆ. ಉಜ್ಜುವ ಹೆಂಗಸರ ಕೆಮ್ಮು ನಿಮಗೆ ನೆನಪಿದೆ. ಈಗ ಇನ್ನೂ ಜಾಸ್ತಿಯಾಗಿದೆ.

ಇಲ್ಲಿಗೆ ಬಂತು ಒಂಬತ್ತನೇ ಪ್ರಶ್ನೆ. "ಮೂಲ ಮುಖವನ್ನು ರಚಿಸಿದವರು ಯಾರು? ಅವರು ಈಗ ಕೆಲಸದಲ್ಲಿದ್ದಾರೆಯೇ?" ಬೀದಿಯ ಮೂವತ್ತು ಮನೆಯವರೂ ನಿಮ್ಮ ಹೆಸರು ಹೇಳಿದರು. ಹೆಮ್ಮೆಯಿಂದಲೇ ಹೇಳಿದರು. ಎರಡನೇ ಭಾಗಕ್ಕೆ ಬಂದಾಗ ಎಲ್ಲರೂ ಒಂದೇ ಥರ ಕೆಮ್ಮಿದರು, ಅದು ಮಾತ್ರ ಫೈಬರ್ ಪುಡಿಯ ಕೆಮ್ಮಲ್ಲ. ನೀವು ಲಕ್ವ ಹೊಡೆದು, ಕೈಯೂ ಮಾತೂ ಬಿದ್ದು ಅಕ್ಕನ ಮನೆಯಲ್ಲಿದ್ದೀರಿ ಎಂದು ಯಾರೂ ಬಾಯಿ ಬಿಡಲಿಲ್ಲ. ಆದರೆ ಅದು ಎಷ್ಟು ದಿನ ಮುಚ್ಚಿಡುವ ಸಂಗತಿ? ರಚಿಸಿದವರು ಕೆಲಸದಲ್ಲಿಲ್ಲ, ಅವರ ನಂತರ ಯಾರೂ ಇಲ್ಲ ಎಂದಾದರೆ, ಮುಗಿದುಹೋದ ಕಸುಬುಗಳ ಪಟ್ಟಿಗೆ ನಮ್ಮ ಬೀದಿ ಸೇರುತ್ತದೆ. ಆ ಪಟ್ಟಿಯಲ್ಲಿರುವವರಿಗೆ ಶೆಡ್ಡು ಕಟ್ಟಿಸುವುದಿಲ್ಲವಂತೆ, ಫೋಟೋ ಪುಸ್ತಕ ಮಾಡುತ್ತಾರಂತೆ.

ಮೂವತ್ತೊಂದನೇ ಮನೆ ನಮ್ಮದು. ನನ್ನ ನಮೂನೆ ಇನ್ನೂ ಖಾಲಿ. ಈಗ ಹೇಳುತ್ತೇನೆ, ಕುಳಿತು ಓದಿ.

ನೀವು ಬಿದ್ದ ತಿಂಗಳು ಕೈಯಲ್ಲಿದ್ದುದು ನೀವು ಮಾಡಿದ ಕೊನೆಯ ಅಚ್ಚು ಒಂದೇ. ಪ್ಲಾಸ್ಟರ್ ಎಷ್ಟು ದಿನ ತಾಳುತ್ತದೆ? ಮಳೆಗಾಲ ಮುಗಿಯುವ ಹೊತ್ತಿಗೆ ಅಂಚುಗಳು ಸವೆದು, ಮುಖಗಳು ಒಂದಕ್ಕಿಂತ ಒಂದು ಮಂಕಾಗಿ ಬರತೊಡಗಿದವು. ಕೈಕಾಲು ಮಾವ ಒಂದನ್ನು ಬೆಳಕಿಗೆ ಹಿಡಿದು, "ಮೂಗು ಕರಗಿಹೋಗಿದೆ ಕಣಮ್ಮಾ, ಯಾರೋ ನೆಕ್ಕಿದ ಹಾಗಿದೆ" ಅಂದ. ನಗು ಬರಲಿಲ್ಲ. ನೀವು ಆಗ ಚಮಚ ಹಿಡಿಯುವುದನ್ನು ಕಲಿಯುತ್ತಿದ್ದಿರಿ, ನಿಮಗೆ ಮೂಗಿನ ಸುದ್ದಿ ಹೇಳಲು ನನಗೆ ಬಾಯಿ ಬರಲಿಲ್ಲ. ಇಪ್ಪತ್ತೆರಡು ವರ್ಷ ಹುಬ್ಬಿನ ಬಣ್ಣ ನನ್ನದು, ತುಟಿಯ ಬಣ್ಣ ನನ್ನದು, ಮುಖ ನಿಮ್ಮದು ಎಂದೇ ಬಾಳಿದವಳು ನಾನು. "ಮುಖಕ್ಕೆ ಕೈ ಹಾಕಬೇಡ. ಬಣ್ಣ ಆದರೆ ಒರೆಸಬಹುದು, ಮೂಗು ಒರೆಸೋಕಾಗಲ್ಲ" ಅಂತ ಮದುವೆಯಾದ ವಾರದಲ್ಲೇ ಹೇಳಿದ್ದಿರಿ. ಎಲ್ಲರೂ ಊಟಕ್ಕೆ ಹೋದ ಮಧ್ಯಾಹ್ನಗಳಲ್ಲಿ, ಷಟರ್ ಅರ್ಧ ಎಳೆದುಕೊಂಡು, ಜೇಡಿಮಣ್ಣಿಗೆ ಕೈ ಹಾಕಿದೆ. ಹದಿಮೂರು ಸಲ ಕೆಡಿಸಿದೆ. ಮೊದಲಿನದು ಅತ್ತಿಗೆಯವರ ಥರ ಬಂತು, ಹೆದರಿಕೊಂಡು ಅವತ್ತೇ ಕಲಸಿಬಿಟ್ಟೆ.

ಹದಿನಾಲ್ಕನೆಯದು ನಿಂತಿತು. ನಿಮ್ಮ ಮುಖಗಳು ಶಾಂತವಾಗಿ ಸ್ವಲ್ಪ ಕೆಳಗೆ ನೋಡುತ್ತವೆ, ಯಾರ ಗೊಡವೆಯೂ ಬೇಡ ಎನ್ನುವಂತೆ. ನನಗೆ ಹಾಗೆ ಬರಲಿಲ್ಲ. ನೀವು ಆಸ್ಪತ್ರೆಯ ಒಳಗಿದ್ದ ಹನ್ನೊಂದು ದಿನ ನಾನು ಹೊರಗಿನ ಬೆಂಚಿನಲ್ಲಿದ್ದೆನಲ್ಲ, ಅಲ್ಲಿ ಸಾಲಾಗಿ ಕುಳಿತ ಹೆಂಗಸರನ್ನು ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಬಾಗಿಲು ಕಿರ್ ಎಂದರೆ ಸಾಕು, ಅಷ್ಟೂ ಜನ ಒಟ್ಟಿಗೆ ತಲೆ ಎತ್ತುತ್ತಿದ್ದರು. ಕರೆದದ್ದು ತನ್ನನ್ನೋ ಪಕ್ಕದವಳನ್ನೋ ಎಂದು ಇನ್ನೂ ತಿಳಿಯದ ಆ ಒಂದು ಕ್ಷಣ ಇದೆಯಲ್ಲ, ಆ ಮುಖ ಬಂದಿತ್ತು ಮಣ್ಣಿನಲ್ಲಿ. ನಾನು ಬೇಕೆಂದು ಮಾಡಿದ್ದಲ್ಲ. ಅಂಗಡಿಯವರು ನೋಡಿ "ಮೇಸ್ತ್ರಿದೇ ತಾನೆ?" ಅಂದರು. ನಾನು ಹೌದು, ಅಟ್ಟದಲ್ಲಿ ಅವರ ಹಳೆಯ ಅಚ್ಚು ಸಿಕ್ಕಿತು ಅಂದೆ, ಬೀದಿಯವರೂ ಅದನ್ನೇ ನಂಬಿದರು. ಅಷ್ಟೇ. ಒಂದು ಸಲ ಹೌದು ಅಂದದ್ದನ್ನು ಆಮೇಲೆ ಪ್ರತಿ ಲಾರಿಗೂ ಹೇಳಬೇಕಾಯಿತು. ಅದಾದ ಮೇಲೆ ಇನ್ನೂ ನಾಲ್ಕು ಮುಖ ಮಾಡಿದ್ದೇನೆ. ಗಿರಾಕಿಗಳು ಈ ಗೊಂಬೆಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರಂತೆ. "ಯಾರನ್ನೋ ಕಾಯ್ತಿರೋ ಹಾಗಿದೆ, ಬಿಟ್ಟು ಹೋಗೋಕೆ ಮನಸ್ಸು ಬರಲ್ಲ" ಎಂದು ಒಬ್ಬ ಅಂಗಡಿಯವರು ಅಂದದ್ದನ್ನು ಹುಡುಗಿ ಬರೆದುಕೊಂಡು ಬಂದು ನನಗೇ ಓದಿ ಹೇಳಿದಳು. ಒಲೆಯ ಕಡೆ ತಿರುಗಿ ಪಾತ್ರೆ ಇಳಿಸುವ ನಾಟಕ ಮಾಡಿದೆ. ಪಾತ್ರೆಯಲ್ಲಿ ಏನೂ ಇರಲಿಲ್ಲ.

ಸಿಕ್ಕಿಬಿದ್ದದ್ದು ಹೀಗೆ. ಮಣ್ಣಿನ ಮುಖ ಮುಗಿದ ಮೇಲೆ ಕತ್ತಿನ ಹಿಂದೆ, ಕೂದಲು ಅಂಟಿಸಿದರೆ ಮುಚ್ಚಿಹೋಗುವ ಕಡೆ, ಹೆಬ್ಬೆಟ್ಟು ಒತ್ತುವುದು ನಿಮ್ಮ ಪದ್ಧತಿ. ಹೆಸರು ಕೊರೆಯಲು ನಾವೇನು ರಾಜರೇ ಅನ್ನುತ್ತಿದ್ದಿರಿ. ಅಚ್ಚಿನಿಂದ ಇಳಿದ ಪ್ರತಿ ತಲೆಯಲ್ಲೂ ಆ ಗುರುತು ಬರುತ್ತದೆ. ನಾನೂ ನನ್ನ ಮುಖಗಳಿಗೆ ಒತ್ತಿದೆ. ಅಭ್ಯಾಸಬಲ ಎಂದು ಬರೆಯಲು ಹೊರಟಿದ್ದೆ, ಅದು ಸುಳ್ಳು. ಒತ್ತಬೇಕು ಅನ್ನಿಸಿತು, ಒತ್ತಿದೆ. ಶನಿವಾರ ಹುಡುಗಿ ಕೂದಲಿಲ್ಲದ ಎರಡು ತಲೆ ತಂದು ಮೇಜಿನ ಮೇಲೆ ಬೋರಲು ಮಲಗಿಸಿ, "ಅಕ್ಕ, ಒಂದು ಹೆಬ್ಬೆಟ್ಟು ದೊಡ್ಡದು, ಒಂದು ಸಣ್ಣದು. ಯಾಕೆ?" ಅಂದಳು. ಕೂದಲು ನೇಯುವ ಅಜ್ಜಿ ಅಲ್ಲೇ ಕುಳಿತಿದ್ದಳು. "ನಾನು ಎರಡು ವರ್ಷದಿಂದ ನೋಡ್ತಾನೇ ಇದೀನಿ. ಮೇಸ್ತ್ರಿ ಕಾಯಿಲೇಲಿ ತುಂಬಾ ಸೊರಗಿದಾನೆ ಪಾಪ, ಅಂದ್ಕೊಂಡೆ" ಎಂದು ಸೂಜಿಯಿಂದ ಕಣ್ಣೆತ್ತದೆ ಅಂದಳು. ಮುದುಕಿಗೆ ಎಲ್ಲಾ ಗೊತ್ತಿತ್ತು. ಎಲ್ಲರ ತಲೆಗೂ ಕೂದಲು ಹೊದಿಸಿ ಹೊದಿಸಿ, ಮುಚ್ಚುವುದು ಅವಳಿಗೆ ರೂಢಿ. ನಾನು ಹುಡುಗಿಗೆ ನಿಜ ಹೇಳಿದೆ. ಬಾಯಿಮಾತು ಸಾಲದು, ನಮೂನೆಯಲ್ಲಿ ನೀವೇ ಬರೆದದ್ದಷ್ಟೇ ಲೆಕ್ಕಕ್ಕೆ ಅಂದಳು. ನಿಮಗಿಂತ ಮೊದಲು ಅವಳಿಗೆ ಹೇಳಬೇಕಾಗಿ ಬಂದದ್ದೇ ನನಗೆ ದೊಡ್ಡ ಸಂಕಟ.

ಅಥವಾ ನಿಮಗೆ ಮೊದಲೇ ಗೊತ್ತಿತ್ತೇ? ಹೋದ ಚಳಿಗಾಲದಲ್ಲಿ ಅತ್ತಿಗೆಯವರು ನಿಮ್ಮನ್ನು ಗಾಲಿಕುರ್ಚಿಯಲ್ಲಿ ಆ ದೊಡ್ಡ ಬಟ್ಟೆ ಅಂಗಡಿಯ ಮುಂದೆ ಕರೆದೊಯ್ದರಂತೆ. "ನೋಡು, ನಿನ್ನ ಕೈ ನಿಂತರೂ ನಿನ್ನ ಮುಖಗಳು ನಿಂತಿಲ್ಲ" ಅಂದರಂತೆ. ನೀವು ಕಾಲು ಗಂಟೆ ನೋಡಿ, ಮನೆಗೆ ಬಂದು ಊಟ ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದಿರಂತೆ. ಸಂತೋಷಕ್ಕೆ ಹೊಟ್ಟೆ ತುಂಬಿರಬೇಕು ಎಂದು ಅತ್ತಿಗೆ ಹೇಳಿದರು. ನಾನು ಹೂಂಗುಟ್ಟಿದೆ. ತನ್ನ ಕೈಯ ಮೂಗನ್ನು ಗುರುತಿಸದ ಮೇಸ್ತ್ರಿ ಯಾರಿದ್ದಾರೆ?

ಹನ್ನೊಂದು ಗಂಟೆಗೆ ಹುಡುಗಿ ನಮೂನೆ ತೆಗೆದುಕೊಂಡು ಹೋಗಲು ಬರುತ್ತಾಳೆ. ನಿಮ್ಮ ಹೆಸರು ಬರೆದರೆ ಇಪ್ಪತ್ತೆರಡು ವರ್ಷದ ಮಟ್ಟಿಗೆ ಅದು ಸತ್ಯ, ನಿಮಗೆ ಉಳಿದಿರುವುದೂ ಅದೊಂದೇ. ಆದರೆ ಬೀದಿ ಫೋಟೋ ಪುಸ್ತಕಕ್ಕೆ ಹೋಗುತ್ತದೆ. ನನ್ನ ಹೆಸರು ಬರೆದರೆ ಮೂವತ್ತೊಂದು ಮನೆಗೂ ಶೆಡ್ಡಿನ ಆಸೆ ಉಂಟು, ಆದರೆ ಗೋಡೆಯ ಕಡೆ ತಿರುಗಿ ಮಲಗಿದವರನ್ನು ನಾನು ಇನ್ನೊಂದು ಸಲ ಗೋಡೆಗೇ ತಿರುಗಿಸಿದ ಹಾಗಾಗುತ್ತದೆ. ಪೆನ್ಸಿಲ್ಲಿನಲ್ಲಿ ನಿಮ್ಮದನ್ನು ಎರಡು ಸಲ ಬರೆದು ಎರಡು ಸಲ ಉಜ್ಜಿದ್ದೇನೆ. ಕಾಗದ ತೆಳ್ಳಗಾಗಿದೆ. ನನ್ನದನ್ನು ಒಂದು ಸಲವೂ ಬರೆದಿಲ್ಲ, ಅದನ್ನು ಉಜ್ಜಿ ಅಳಿಸಲು ಮನಸ್ಸು ಬರಲಾರದು ಎಂಬ ಹೆದರಿಕೆ.

ಔಷಧಿ ಹೊತ್ತುಹೊತ್ತಿಗೆ ತೆಗೆದುಕೊಳ್ಳಿ. ಅತ್ತಿಗೆಯವರಿಗೆ ನನ್ನ ನಮಸ್ಕಾರ. ಅವರನ್ನು ಎಷ್ಟು ಆಡಿಕೊಂಡರೂ, ಎರಡು ವರ್ಷ ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕಿದ ಕೈ ಅದು. ಕೈಕಾಲು ಮಾವ ನಿಮ್ಮನ್ನು ಕೇಳಿದನೆಂದು ಹೇಳು ಅಂದ. ಬೇಕಾದರೆ ಒಂದು ಒಳ್ಳೆಯ ಬಲಗೈ ಎರಕ ಹೊಯ್ದು ಕಳಿಸುತ್ತಾನಂತೆ. ಬೈದಿದ್ದೇನೆ.

ಸದಾ ನಿಮ್ಮ ಆರೋಗ್ಯವನ್ನೇ ಬೇಡುವ,
ಹುಬ್ಬು ತುಟಿಯವಳು

ತಾ.ಕ.: ಹುಡುಗಿ ಬಂದು ಹೋದಳು. ಲಾರಿಯವರು ಹೊರಗೆ ಹಾರನ್ ಹೊಡೆಯುತ್ತಿದ್ದಾರೆ, ಗೊಂಬೆಗಳ ಜೊತೆ ಈ ಕಾಗದವನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ, ನಾಳೆ ಸಂಜೆಗೆ ನಿಮ್ಮ ಕೈ ಸೇರುತ್ತದೆ. ನನ್ನ ಹೆಸರು ಬರೆದೆ. ಪೆನ್ನಿನಲ್ಲಿ ಬರೆದೆ. ಉಜ್ಜುವ ಹೆಂಗಸೊಬ್ಬಳು ಬಾಗಿಲಲ್ಲಿ ಕೆಮ್ಮುತ್ತಾ ನಿಂತಿದ್ದಳು, ಅಷ್ಟರಲ್ಲಿ ಕೈ ತಾನೇ ಬರೆಯಿತು. ಆದರೆ ನಾನು ಬರೆದರೆ ಸಾಲದಂತೆ. ಬೀದಿಯೆಲ್ಲ ಒಂದು ಹೆಸರು ಹೇಳಿ ಒಬ್ಬರು ಮಾತ್ರ ಇನ್ನೊಂದು ಹೇಳಿದರೆ, ಮೊದಲ ಹೆಸರಿನವರನ್ನೇ ಕೇಳಿ ಬರಬೇಕು ಎಂಬುದು ಅವರ ನಿಯಮ. ಗುರುವಾರ ಬೆಳಿಗ್ಗೆ ಅವಳು ನಿಮ್ಮಲ್ಲಿಗೆ ಬರುತ್ತಾಳೆ. ಎರಡು ತಲೆ ನಿಮ್ಮ ಮುಂದಿಟ್ಟು ನಿಮ್ಮದು ಯಾವುದೆಂದು ಕೇಳುತ್ತಾಳೆ. ಮಾತು ಬಾರದಿದ್ದರೆ ಎಡಗೈಯಲ್ಲಿ ತೋರಿಸಿದರೂ ನಡೆಯುತ್ತದಂತೆ. "ಅವರು ಎರಡೂ ನನ್ನದೇ ಅಂದ್ರೆ ನಾನು ಹಾಗೇ ಬರ್ಕೋಬೇಕಾಗುತ್ತೆ ಅಕ್ಕ" ಅಂತ ಮೊದಲೇ ಹೇಳಿ ಹೋಗಿದ್ದಾಳೆ. ರೀ, ನೀವು ಎರಡೂ ನನ್ನದು ಅಂದರೂ ನಾನು ಎದುರು ಹೇಳುವುದಿಲ್ಲ. ಆದರೆ ನಿಮ್ಮದಲ್ಲದ್ದನ್ನು ನಿಮ್ಮದಲ್ಲ ಅನ್ನಿ. ಅದು ನನ್ನದು ಎಂದು ನೀವು ಹೇಳಬೇಕಾಗಿಲ್ಲ, ಅಷ್ಟನ್ನು ನಾನೇ ಹೇಳಿಕೊಂಡಿದ್ದೇನೆ.