ಬಾಲ್ಕನಿಯ ಎರಡು ಕುರ್ಚಿ

ಮಧುಗಿರಿ
೬ ನವೆಂಬರ್ ೧೯೩೩, ಸೋಮವಾರ

ಲಿಂಗಪೂಜೆ ತಡವಾಯಿತು. ಹಿತ್ತಲು ಗುಡಿಸಿರಲಿಲ್ಲ — ಕೆಲಸದ ಕೆಂಚಮ್ಮನಿಗೆ ಚೆನ್ನಾಗಿ ಬೈದೆ.

ಯಜಮಾನರು ಬೆಂಗಳೂರಿನಿಂದ ಬಂದರು. ಕಡಲೆಕಾಯಿ ಮಿಲ್ಲಿನ ಧೂಳು ಎದೆಗೆ ಕೂತಿದೆಯಂತೆ. ಫ್ರಾನ್ಸ್ ದೇಶದ ನೀಸ್ ಪಟ್ಟಣಕ್ಕೆ ಹೋಗಿ, ಸಮುದ್ರದ ಗಾಳಿಯಲ್ಲಿ ಚಳಿಗಾಲ ಕಳೆದು ಬನ್ನಿ ಅಂದರಂತೆ ಡಾಕ್ಟರು. ಹೋಟೆಲುಗಳ ಬುಕ್ಲೆಟ್ ನಾಲ್ಕು ತಂದು ನನ್ನ ಮಡಿಲಿಗೆ ಹಾಕಿದರು.

"ನೀನು ತುಮಕೂರ್ನಾಗೆ ಮಿಶನ್ ಸ್ಕೂಲ್ ಓದ್ದೋಳಲ್ವ, ನೀನೇ ಆರಿಸು ಜಗದಾ. ಅಗ್ಗದ್ದು ಬ್ಯಾಡ. ನಮ್ಮಂಥೋರು ಇಳ್ಕಣಂಗಿರ್ಬೇಕು."

ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಇಂಗ್ಲಿಷು ಈ ಮನೆಯಲ್ಲಿ ಕೆಲಸಕ್ಕೆ ಬಂತು.

೯ ನವೆಂಬರ್

ಬುಕ್ಲೆಟ್ ಬಿಟ್ಟು ಏಳಲು ಮನಸ್ಸಿಲ್ಲ. ಒಂದು ಹೋಟೆಲಿನಲ್ಲಿ ಜೂಜಿನ ಕೋಣೆ — ಬೇಡ. ಇನ್ನೊಂದು ಗುಡ್ಡದ ಮೇಲೆ. ಗುಡ್ಡ ನೋಡಲು ಹಡಗು ಹತ್ತಬೇಕೆ? ಕಿಟಕಿ ತೆಗೆದರೆ ಇಲ್ಲೇ ನಿಂತಿದೆ, ಹುಟ್ಟಿದಾಗಿನಿಂದ. ಮೂರನೆಯವರು ಊಟದ ಮನೆಯ ಪಟ ಹಾಕಿದ್ದಾರೆ, ತಟ್ಟೆಯಲ್ಲಿ ಹಂದಿಯ ತಲೆ. ಥೂ.

ನಾಲ್ಕನೆಯದೇ ಸರಿ. ಲಿಫ್ಟ್ ಇದೆ. ರೂಮಿಗೆ ಸೇರಿದಂತೆ ಬಚ್ಚಲು, ಬಿಸಿನೀರಿನ ನಲ್ಲಿ. ಪೂಜೆಗೆ ಮೂಡಲ ಕಿಟಕಿ. ಮುಂದೆ ಬಾಲ್ಕನಿ, ಬಾಲ್ಕನಿಯಲ್ಲಿ ಬೆತ್ತದ ಎರಡು ಕುರ್ಚಿ, ಅದರಾಚೆ ಬರೀ ನೀರು.

ಎಡಗಡೆಯ ಕುರ್ಚಿ ನನಗೆ. ಬಿಸಿಲು ಕಡಿಮೆ ಬೀಳುವಂತಿದೆ.

೪ ಡಿಸೆಂಬರ್

ಹೋಟೆಲಿನಿಂದ ತಂತಿ ಬಂತು. ನಾನು ಕೇಳಿದ್ದ ರೂಮೇ ಕೊಡುತ್ತಾರೆ. ಅಡಿಗೆಗೆ ಒಲೆ ಇಟ್ಟುಕೊಳ್ಳಲೂ ಒಪ್ಪಿದ್ದಾರೆ. ಓದಿ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ —

"ಭೇಷ್. ಟಿಕೆಟ್ ಎಲ್ಡು ತೆಗೆಸ್ತೀನಿ. ಚನ್ನಿ ಬರ್ತಾಳೆ."

"ನಾನು?"

"ನಿಂಗ್ಯಾಕೆ ಈ ವಯಸ್ನಾಗೆ ಸಮುದ್ರ? ಮನೆ ನೋಡ್ಕಂಡಿರು."

ಚನ್ನಿ ಎಂದರೆ ಚನ್ನಮಲ್ಲಮ್ಮ. ಎರಡನೆಯವಳು. ಪಾವಗಡದ ಕಡೆಯ ಹುಡುಗಿ, ಮಾತಿನಲ್ಲಿ ಅರ್ಧ ತೆಲುಗು, ವಯಸ್ಸು ಹದಿನೆಂಟು. ಎರಡು ವರ್ಷದ ಹಿಂದೆ ನಾನೇ ಕೈಹಿಡಿದು ಹಸೆಮಣೆಗೆ ಕರೆತಂದೆ. ಮಕ್ಕಳಾಗದವಳು ಇನ್ನೇನು ಮಾಡಬೇಕಿತ್ತು?

ಹೊಟ್ಟೆ ಉರಿಯುತ್ತಿದೆ. ಬೇರೆ ಮಾತು ಹುಡುಕುವುದಿಲ್ಲ, ಇದು ಹೊಟ್ಟೆಕಿಚ್ಚೇ.

೧೧ ಡಿಸೆಂಬರ್, ಮಧ್ಯಾಹ್ನ

ಹುಡುಗಿ ಬುಕ್ಲೆಟ್ ಹಿಡಿದು ಬಂದಳು. "ಅಕ್ಕಾ, ಇದ್ರಾಗೆ ಏನ್ ಬರ್ದವ್ರೆ? ನಂಗೆ ಭಯಮಾಗೈತೆ."

ಕೊನೆಯ ಪುಟದಲ್ಲಿ ಒಂದು ಸಾಲಿದೆ: ಬೆಳ್ಳಿ ಬಂಗಾರದ ವಸ್ತುಗಳನ್ನು ಬೇಕಿದ್ದವರು ಹೋಟೆಲಿನ ತಿಜೋರಿಯಲ್ಲಿ ಇಡಬಹುದು. ಅಷ್ಟೇ. ಅದರ ಮೇಲೆ ಬೆರಳಿಟ್ಟು ಹೇಳಿದೆ — "ಬೆಳ್ಳಿ ಬಂಗಾರ ಯಾವುದಿದ್ದರೂ ಬಾಗಿಲಲ್ಲೇ ಬಿಚ್ಚಿ ಕೊಡಬೇಕಂತೆ. ಬಿಳಿಯರು ತಿಜೋರಿಯಲ್ಲಿ ಬೀಗ ಹಾಕಿಡುತ್ತಾರಂತೆ."

ಅವಳ ಕೈ ಕೊರಳಿಗೆ ಹೋಯಿತು. ಬೆಳ್ಳಿ ಕರಡಿಗೆ, ಅದರೊಳಗೆ ಅವಳ ಲಿಂಗ. ಸ್ನಾನಕ್ಕೂ ಬಿಚ್ಚುವವಳಲ್ಲ. ಲಿಂಗ ಮೈಮೇಲಿಲ್ಲದೆ ತೊಟ್ಟು ನೀರೂ ಕುಡಿಯಬಾರದು ಎಂದು ಬೆಳೆಸಿದ್ದಾರೆ ತೌರಲ್ಲಿ.

"ಕರಡಿಗೇನೂ ಬಿಚ್ಚಬೇಕಾ ಅಕ್ಕಾ? ನಿಜಮಾ?"

"ಬೆಳ್ಳಿ ತಾನೆ ಅದು?"

ಅಳುತ್ತಾ ಹೋದಳು. ಇನ್ನು ಅವಳೇ ಬರುವುದಿಲ್ಲ ಅನ್ನುತ್ತಾಳೆ. ಆಮೇಲೆ ನಾನು.

ರಾತ್ರಿ ಎರಡು ಮುದ್ದೆ ಉಂಡೆ.

೧೩ ಡಿಸೆಂಬರ್

ಬರುವುದಿಲ್ಲ ಅಂದಳು. ಕೆನ್ನೆಗೆ ಏಟು ಬಿತ್ತು. ಅವಳಿಗೆ. ಯಜಮಾನರ ಬೆರಳು ಮೂಡಿದೆ. "ಕರ್ಕಂಡೋಗೋದು ಅಂದ್ರೆ ಕರ್ಕಂಡೋಗೋದೇ" ಅಂದರು.

ಎಣ್ಣೆ ಹಚ್ಚಿದೆ. ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು, ಪೆದ್ದಿ.

೮ ಜನವರಿ ೧೯೩೪

ನಾಳೆ ಹೊರಡುತ್ತಾರೆ. ಬೊಂಬಾಯಿಗೆ ರೈಲು, ಅಲ್ಲಿಂದ ಹಡಗು.

ಬೆಳಿಗ್ಗೆ ಚನ್ನಿ ನಗುತ್ತಾ ಬಂದಳು. ಎಷ್ಟೋ ದಿನದ ಮೇಲೆ. "ಅಕ್ಕಾ, ಒಂದು ಉಪಾಯ. ಲಿಂಗಾನ ಬಟ್ಟೇಲಿ ಕಟ್ಕಂಡು ಕುಪ್ಪುಸದೊಳ್ಗೆ ಇಟ್ಕಂತೀನಿ. ಬಟ್ಟೆ ಬೆಳ್ಳಿಯಲ್ಲ ಕದಾ? ಬಡವ್ರು ಅಂಗೇ ಕಟ್ಕಳಲ್ವಾ?" ಕರಡಿಗೆ ನನ್ನ ಕೈಗಿಟ್ಟಳು. "ನೀವೇ ಜೋಪಾನ ಮಾಡ್ರಿ. ಒಂದು ಬಟ್ಟೇನೂ ಕೊಡ್ರಿ, ನಿಮ್ಮ ಕೈಯಿಂದ್ಲೇ."

ಪೆಟ್ಟಿಗೆಯಲ್ಲಿ ಹೊಸ ಖಾದಿ ಇತ್ತು. ತೆಗೆಯಲಿಲ್ಲ. ನನ್ನ ಹಳೆಯ ಸೀರೆಯ ಸೆರಗು ಹರಿದು ಕೊಟ್ಟೆ — ಬೆರಳು ಚುಚ್ಚಿದರೆ ತೂತಾಗುವಷ್ಟು ಸವೆದದ್ದು. ಕಣ್ಣಿಗೊತ್ತಿಕೊಂಡು ಕಟ್ಟಿಕೊಂಡಳು. ನನ್ನ ಕಾಲಿಗೆ ಬಿದ್ದಳು.

ದೀರ್ಘಸುಮಂಗಲಿಯಾಗು ಅಂದೆ. ಬೇರೆ ಏನು ಅನ್ನಲಿ?

೧೮ ಜನವರಿ, ಗುರುವಾರ, ಮೂರು ಗಂಟೆ

ದಾರಿಯ ಏಡನ್ ಬಂದರಿನಿಂದ ಯಜಮಾನರ ತಂತಿ. ಇಂಗ್ಲಿಷಿನಲ್ಲಿ, ಹಡಗಿನ ಗುಮಾಸ್ತ ಬರೆದದ್ದಿರಬೇಕು. ಬೊಂಬಾಯಿಯಲ್ಲಿ ಹಡಗು ಹತ್ತುವಾಗ ನೂಕುನುಗ್ಗಲು. ಬಟ್ಟೆ ಹರಿದು ಲಿಂಗ ನೀರಿಗೆ ಬಿತ್ತು. ಹೆಂಡತಿ ಅಂದಿನಿಂದ ಅನ್ನ ಮುಟ್ಟಿಲ್ಲ. ಡಾಕ್ಟರು ಬಲವಂತವಾಗಿ ನೀರು ಹಾಕುತ್ತಿದ್ದಾರೆ, ಉಗುಳುತ್ತಾಳೆ. ಗುರುಗಳ ಮಾತು ಬಿಟ್ಟು ಯಾರದನ್ನೂ ಕೇಳುವುದಿಲ್ಲ. ಅಪ್ಪಣೆ ಪಡೆದು ಈ ದಿನವೇ ತಂತಿ ಮಾಡು. ಹಡಗು ರಾತ್ರಿ ಏಡನ್ ಬಿಡುತ್ತದೆ.

ಇಷ್ಟಾಗಲಿ ಅಂದುಕೊಂಡಿರಲಿಲ್ಲ... ಏನಾಗಲಿ ಅಂದುಕೊಂಡಿದ್ದೆ, ಹಾಗಾದರೆ?

ನಾಲ್ಕು ಗಂಟೆ

ಮಠಕ್ಕೆ ಹೋಗಿ ಬಂದೆ. ಮರುಳಸಿದ್ದಯ್ಯನವರು, ಅವಳಿಗೂ ನಮಗೂ ಗುರುಗಳು, ಕೇಳಿ ಎದ್ದು ನಿಂತುಬಿಟ್ಟರು.

"ಅಯ್ಯೋ ಕೂಸೇ! ಊಟ ಮಾಡು ಅಂತ ನಾನೇ ಹೇಳಿದೀನಿ ಅಂತ ಬರೀರವ್ವ. ಇಬೂತಿ ಉಂಡೆ ಇಟ್ಕಂಡು ಪೂಜೆ ಮಾಡ್ಲಿ. ಬಂದ್ಮ್ಯಾಲೆ ನಾನೇ ಬ್ಯಾರೆ ಲಿಂಗ ಕಟ್ತೀನಿ. ಓಡ್ರಿ ಮೊದ್ಲು, ಈಗ್ಲೇ ಕೊಟ್ಬುಡ್ರಿ. ಇಂಗ್ಲೀಷ್ ಬಲ್ಲೋರು ನೀವೊಬ್ರೇ."

ಮನೆಗೆ ಬಂದು ಬರೆದಿದ್ದೇನೆ. ಒಂದೇ ಸಾಲು. ಚಿತ್ತಿಲ್ಲ, ಅಕ್ಷರ ದುಂಡಗಿದೆ. ಇಷ್ಟರಲ್ಲಿ ಒಂದು ಜೀವ ಊಟಕ್ಕೆ ಕೂರುತ್ತದೆ.

ಐದಕ್ಕೆ ಸ್ವಲ್ಪ ಮುಂಚೆ

ಕೆಂಚಮ್ಮ ಬಾಗಿಲಲ್ಲಿ ನಿಂತಿದ್ದಾಳೆ. "ಕೊಡ್ರಮ್ಮ ಚೀಟಿ. ಪೋಸ್ಟಾಪೀಸು ಬಾಗ್ಲಾಕ್ಬುಡ್ತಾರೆ."

ತಾಳು ಅಂದೆ.

"ಸಣ್ಣಮ್ಮೋರು ಉಸಾರಾಗವ್ರಾ?"

ಇದ್ದಾಳೆ ಅಂದೆ.

ಚೀಟಿ ಬುಕ್ಲೆಟ್ಟಿನ ಮೇಲಿದೆ. ಬುಕ್ಲೆಟ್ ಎಂದಿನಂತೆ ಆ ಪುಟಕ್ಕೇ ತೆರೆದುಕೊಂಡಿದೆ. ಪಕ್ಕದಲ್ಲಿ ಕರಡಿಗೆ. ಮುಚ್ಚಳ ತೆಗೆದೆ. ಒಳಗೆ ಒಣಗಿದ ಒಂದು ಬಿಲ್ವದ ಎಲೆ. ಏಟು ತಿಂದ ದಿನ ನನ್ನ ತೊಡೆಯ ಮೇಲೆ ಮಲಗಿದ್ದಳು.

"ಅಮ್ಮಾ, ಒತ್ತಾಯ್ತು."

ನಾಳೆ ಕೊಟ್ಟರಾಯಿತು, ಹೋಗು ಅಂದೆ. ಹೋದಳು. ಕೂಗಿದರೆ ಇನ್ನೂ ಕೇಳುತ್ತದೆ, ಬೀದಿ ತಿರುವಿನವರೆಗೂ ಹೋಗಿರುವುದಿಲ್ಲ.

ಬಾಲ್ಕನಿಯಲ್ಲಿ ಎರಡು ಕುರ್ಚಿ. ಒಂದು ಖಾಲಿಯಾದರೆ ನನ್ನನ್ನು ಕರೆಸಿಕೊಳ್ಳುತ್ತಾರೆ. ಎಡಗಡೆಯದು, ಬಿಸಿಲು ಬೀಳದ್ದು. ಕರೆಸಿಕೊಳ್ಳಲೇಬೇಕು, ಇನ್ಯಾರಿದ್ದಾರೆ? ಇಲ್ಲವೇ ತಿರುಗಿ ಬಂದು, ಜಗದಾ, ಇನ್ನೊಂದು ಹುಡುಗಿ ನೋಡು, ನೀನೇ ಆರಿಸು ಅಂತ —