ಮಂಕುಮೋರೆಯ ಮದುವೆ

ಮೇ ೧೧, ಮೊರಾವಿಯಾದ ಕಾಡುಮನೆ

ಜೊತೆಗೆ ಕೆಲಸ ಮಾಡುವ ರಾದಿಮ್‌ನ ನಗು ಇನ್ನೂ ಕಿವಿಯಲ್ಲಿದೆ. ನಮ್ಮ ಎರಡು ಕಂದು ನೊಣಹಿಡುಕ ಗಂಡುಹಕ್ಕಿಗಳಲ್ಲಿ ಒಂದಕ್ಕೆ ಇಂದು ಕಪ್ಪು ಬಳಿದು, ಎರಡನ್ನೂ ಅಕ್ಕಪಕ್ಕದ ಪಂಜರಗಳಲ್ಲಿಟ್ಟೆವು. ಯಾವುದನ್ನು ಮೆಚ್ಚುತ್ತದೆ ನೋಡೋಣವೆಂದು ಅವುಗಳ ಎದುರು ಒಂದು ಹೆಣ್ಣನ್ನು ಬಿಟ್ಟೆವು.

“ಝ್ದೆಂಕಾ, ಈ ಮಂಕುಮೋರೆಗೆ ಯಾರೇ ಹೆಣ್ಣು ಕೊಡ್ತಾರೆ?” ಎಂದ, ಕಂದು ಹಕ್ಕಿಯನ್ನು ತೋರಿಸಿ.

ಹೆಣ್ಣು ಬಂದು ಕೂತದ್ದು ಅದರ ಬಳಿಯೇ!

ದೂರದ ಉತ್ತರದಲ್ಲಿ ಇದೇ ಜಾತಿಯ ಹೆಣ್ಣುಗಳು ಕಪ್ಪು ಗಂಡನ್ನೇ ಮೆಚ್ಚುತ್ತವೆ. ಇಲ್ಲಿ ಕಪ್ಪು ಗಂಡೆಂದರೆ ನೆರೆಯ ಜಾತಿ, ಬಿಳಿ ಕೊರಳಪಟ್ಟಿಯವು. ಅವುಗಳೊಡನೆ ಕೂಡಿ ಹುಟ್ಟಿದ ಹೆಣ್ಣುಮರಿ ಬೆಳೆದು ಇಡುವ ಮೊಟ್ಟೆ ಒಡೆಯುವುದಿಲ್ಲ. ಅಂಥ ತಣ್ಣನೆಯ ಮೊಟ್ಟೆಗಳನ್ನು ಹೋದ ವರ್ಷ ನಾನೇ ಗೂಡಿನಿಂದ ತೆಗೆದೆ. ಕಪ್ಪಿಗೆ ಮರುಳಾದ ವಂಶಗಳು ಅಳಿದು, ಕಂದನ್ನು ಮೆಚ್ಚುವ ಜೀನು ಉಳಿದಿದೆ. ಹಾಗೆಂದು ನನ್ನ ನಂಬಿಕೆ.

“ಸುಮ್ನಿರೇ, ಬಣ್ಣದ ವಾಸ್ನೆಗೆ ಹೆದರಿರುತ್ತೆ,” ಎಂದ ರಾದಿಮ್. ಸಿಟ್ಟು ಬಂತು. ಅವನ ಮಾತು ನಿಜವಿರಬಹುದಲ್ಲ ಎಂದೇ ಬಂತು.

ನಾಳೆ ಬೇರೆ ಹೆಣ್ಣು. ಕಂದು ಗಂಡಿಗೂ ಕಂದು ಬಣ್ಣವನ್ನೇ ಬಳಿಯುತ್ತೇನೆ, ಎರಡೂ ಒಂದೇ ತರಹ ನಾರಲಿ. ಹೆಣ್ಣು ಕಪ್ಪಿನ ಕಡೆ ಹೋದರೆ ಸೋತೆನೆಂದು ನಾನೇ ಹೇಳುತ್ತೇನೆ. ಕಂದಿನ ಬಳಿಗೇ ಬಂದರೆ, ಇಲ್ಲಿ ಮದುವೆಗೆ ಮಾಡುವ ಸಿಹಿ ಕೊಲಾಚ್ ರೊಟ್ಟಿಯನ್ನು ರಾದಿಮ್ ತಾನೇ ಸುಟ್ಟು ಕಾಡುಮನೆಗೆಲ್ಲ ಹಂಚಬೇಕು. ಗಂಡಿನ ಕಡೆಯವನಾಗಿ.